ಹಳೆಯ ವಿಡಿಯೊ ಗೇಮ್ ಯಂತ್ರದ ಜಾಯ್‌ಸ್ಟಿಕ್: ಸವೆದ ಭಾಗವನ್ನಷ್ಟೇ ಬದಲಿಸುವ ಬಗೆ

ನಾಣ್ಯ ಹಾಕಿ ಆಡುವ ಹಳೆಯ ವಿಡಿಯೊ ಗೇಮ್ ಯಂತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಏಟು ತಿನ್ನುವ ಭಾಗವೆಂದರೆ ಜಾಯ್‌ಸ್ಟಿಕ್. ಬಳ್ಳಾರಿ ಸೀಮೆಯಲ್ಲಿ ಅದರ ಸವೆತಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಸಂಡೂರಿನ ಕಡೆಯಿಂದ ಬರುವ ಅದಿರಿನ ಕೆಂಪು ದೂಳು ಒಳಗಿನ ಗ್ರೀಸಿಗೆ ಅಂಟಿಕೊಂಡು, ಉಜ್ಜುಕಾಗದದಂತೆ ಪ್ಲಾಸ್ಟಿಕ್ಕನ್ನು ತೇಯುತ್ತ ಹೋಗುತ್ತದೆ. ಹಿಡಿಕೆ ಸಡಿಲವಾಯಿತೆಂದು ಇಡೀ ಜಾಯ್‌ಸ್ಟಿಕ್ಕನ್ನು ಕಿತ್ತು ಅಗ್ಗದ ಹೊಸದನ್ನು ಕೂರಿಸಿದರೆ ಯಂತ್ರ ಓಡುತ್ತದೆ, ಆದರೆ ಅದರ ಮೂಲ ಹದ ಹೋಗಿಬಿಡುತ್ತದೆ. ಸವೆದದ್ದು ಯಾವುದೆಂದು ಪತ್ತೆ ಹಚ್ಚಿ ಅದನ್ನಷ್ಟೇ ಬದಲಿಸುವುದು ಸರಿಯಾದ ಕ್ರಮ.

ಮೊದಲು ಪ್ಲಗ್ ಕಿತ್ತಿಡಬೇಕು. ವಿದ್ಯುತ್ ನಿಂತ ಮೇಲೂ ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಅಪಾಯಕಾರಿ ಹೈ ವೋಲ್ಟೇಜ್ ಉಳಿದಿರುವುದರಿಂದ ಆ ಕಡೆಗೆ ಕೈ ಹಾಕಲೇಬಾರದು. ಕಂಟ್ರೋಲ್ ಪ್ಯಾನೆಲ್ ತೆರೆದು, ಯಾವ ಬಣ್ಣದ ವೈರ್ ಯಾವ ಟರ್ಮಿನಲ್‌ಗೆ ಹೋಗಿದೆಯೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ ಮೇಲೆಯೇ ಬಿಚ್ಚಲು ತೊಡಗಬೇಕು.

ದೋಷ ಹುಡುಕಲು ಮೊದಲಿಗೆ ಕಿವಿಯೇ ಸಾಕು. ಮೈಕ್ರೋಸ್ವಿಚ್ (ಒತ್ತಿದರೆ ಟಿಕ್ ಎನ್ನುವ ಪುಟ್ಟ ಸ್ವಿಚ್) ಇರುವ ಜಾಯ್‌ಸ್ಟಿಕ್ಕನ್ನು ಒಂದೊಂದೇ ದಿಕ್ಕಿಗೆ ನಿಧಾನವಾಗಿ ಬಾಗಿಸಿ ಟಿಕ್ ಶಬ್ದವನ್ನು ಆಲಿಸಬೇಕು. ಶಬ್ದ ಬಂದರೂ, ಪ್ಲಗ್ ಕೀಳುವ ಮೊದಲು ಆಟದಲ್ಲಿ ಆ ದಿಕ್ಕಿಗೆ ಚಲನೆ ಇರದಿದ್ದರೆ ತಪ್ಪು ಸ್ವಿಚ್ಚಿನಲ್ಲಿ ಅಥವಾ ವೈರಿನಲ್ಲಿ ಇರುತ್ತದೆ. ವೈರ್ ಬಿಡಿಸಿ, ಸ್ವಿಚ್ಚಿನ ಸಿಒಎಂ (ಕಾಮನ್) ಮತ್ತು ಎನ್‌ಒ (ಒತ್ತಿದಾಗ ಮಾತ್ರ ಕೂಡುವ) ಟರ್ಮಿನಲ್‌ಗಳಿಗೆ ಬೀಪ್ ಸೆಟ್ಟಿಂಗಿನಲ್ಲಿಟ್ಟ ಮಲ್ಟಿಮೀಟರ್ ಹಿಡಿದು ಸ್ವಿಚ್ಚನ್ನು ಒತ್ತಿದಾಗ ಬೀಪ್ ಬಾರದಿದ್ದರೆ ಆ ಸ್ವಿಚ್ಚನ್ನೇ ಬದಲಿಸಬೇಕು. ಶಬ್ದವೇ ಬಾರದಿದ್ದರೆ ಸಾಮಾನ್ಯವಾಗಿ ಸ್ವಿಚ್ಚಿನ ತಪ್ಪಲ್ಲ; ದಂಡದ ಬುಡದಲ್ಲಿದ್ದು ಸ್ವಿಚ್ಚನ್ನು ಒತ್ತುವ ಆಕ್ಚುಯೇಟರ್ ಎಂಬ ಪ್ಲಾಸ್ಟಿಕ್ ತುಂಡು ಸವೆದು ಸಣ್ಣದಾಗಿರುತ್ತದೆ, ಇಲ್ಲವೇ ದಂಡ ತಿರುಗುವ ಪಿವಟ್ ಅಗಲವಾಗಿರುತ್ತದೆ.

ಬಿಚ್ಚುವಾಗ ದಂಡದ ಕೆಳತುದಿಯ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಹಿಡಿದರೆ ಮೇಲಿನ ಗುಂಡು ತಿರುಚಿಕೊಂಡು ಬರುತ್ತದೆ. ಅನಂತರ ಆಕ್ಚುಯೇಟರನ್ನು ಸ್ಪ್ರಿಂಗಿನ ವಿರುದ್ಧ ಒತ್ತಿಟ್ಟು, ಅದನ್ನು ತಡೆದಿರುವ, ಇಂಗ್ಲಿಷಿನ E ಆಕಾರದ ಇ-ಕ್ಲಿಪ್ಪನ್ನು ಪಕ್ಕದಿಂದ ತಳ್ಳಬೇಕು. ಈ ಕ್ಲಿಪ್ ಚಿಮ್ಮಿ ಮೂಲೆ ಸೇರುವುದೇ ಹೆಚ್ಚು, ಆದ್ದರಿಂದ ಮೇಲೊಂದು ಬಟ್ಟೆ ಹಿಡಿದಿರುವುದು ಒಳ್ಳೆಯದು. ಬಿಡಿ ಭಾಗಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಇಡಬೇಕು. ಸನ್ವಾ ಕಂಪನಿಯ ಜೆಎಲ್‌ಎಫ್‌ನಂಥ ಮಾದರಿಗಳಿಗೆ ಸ್ಪ್ರಿಂಗ್, ಪಿವಟ್, ಆಕ್ಚುಯೇಟರ್ ಬಿಡಿಯಾಗಿಯೇ ಸಿಗುತ್ತವೆ. ಸಿಗದ ಹಳೆಯ ಮಾದರಿಯಾದರೆ, ಸವೆಯದ ಕಡೆಯ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಲೇತ್ ಅಂಗಡಿಯಲ್ಲಿ ನೈಲಾನ್ ಸರಳಿನಿಂದ ವಾಷರ್ ಅಥವಾ ಬುಷ್ ಮಾಡಿಸಿಕೊಳ್ಳಬಹುದು. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯದೆ ಹೊಸದನ್ನು ಹಚ್ಚಿದರೆ ದೂಳು ಒಳಗೇ ಉಳಿದು ಹೊಸ ಭಾಗವನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನು ತೆಳುವಾಗಿ ಪಿವಟ್‌ಗಷ್ಟೇ ಸವರಬೇಕು, ಸ್ವಿಚ್ಚಿಗೆ ತಾಗಿಸಬಾರದು.

ಇನ್ನೂ ಹಳೆಯ ಯಂತ್ರಗಳಲ್ಲಿ ಮೈಕ್ರೋಸ್ವಿಚ್ ಬದಲಿಗೆ ಎರಡು ತೆಳು ಲೋಹದ ಪಟ್ಟಿಗಳು ಇರುತ್ತವೆ. ಅವು ಕೂಡುವ ಬಿಂದುವಿನ ಲೇಪ ಬಹಳ ತೆಳುವಾದ್ದರಿಂದ ಉಜ್ಜುಕಾಗದ ಬಳಸಕೂಡದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಗಟ್ಟಿ ಬಿಳಿ ಕಾಗದವನ್ನು ನಡುವೆ ಇಟ್ಟು ಮೆಲ್ಲಗೆ ಎಳೆದರೆ ಕರಿ ಹೋಗುತ್ತದೆ. ಅಂತರ ಹೆಚ್ಚಾಗಿದ್ದರೆ ಪಟ್ಟಿಯನ್ನು ಬುಡದ ಹತ್ತಿರ ಕೂದಲೆಳೆಯಷ್ಟು ಬಾಗಿಸಬೇಕು.

ಮರುಜೋಡಣೆಯಲ್ಲಿ ಹಲವರು ಗಮನಿಸದೆ ಬಿಡುವುದು ತಳದ ಗೇಟನ್ನು, ಅಂದರೆ ದಂಡ ಯಾವ ದಿಕ್ಕುಗಳಿಗಷ್ಟೇ ಬಾಗಬೇಕೆಂದು ತಡೆಯುವ ತಟ್ಟೆಯನ್ನು. 1980ರ ಪ್ಯಾಕ್‌ಮ್ಯಾನ್ ನಾಲ್ಕೇ ದಿಕ್ಕಿನ ಆಟ. ಅದಕ್ಕೆ ಎಂಟು ದಿಕ್ಕಿನ ಗೇಟ್ ಹಾಕಿದರೆ ಮೂಲೆಯಲ್ಲಿ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಂಡು ತಿರುವು ತಪ್ಪುತ್ತದೆ, ಆಡುವವರು ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ. 1991ರ ಸ್ಟ್ರೀಟ್ ಫೈಟರ್ 2ಕ್ಕಾದರೋ ಎಂಟೂ ದಿಕ್ಕು ಬೇಕೇ ಬೇಕು. ಎಲ್ಲವನ್ನೂ ಕೂರಿಸಿ, ಫೋಟೊ ನೋಡಿ ವೈರ್ ಸಿಕ್ಕಿಸಿದ ಮೇಲೆ ಯಂತ್ರದ ಟೆಸ್ಟ್ ಮೋಡ್‌ನಲ್ಲಿ ಪ್ರತಿ ದಿಕ್ಕನ್ನೂ ಪರೀಕ್ಷಿಸಿ, ಬಿಟ್ಟ ಕೂಡಲೇ ಹಿಡಿಕೆ ನಡುವಿಗೆ ಮರಳುವುದೇ ಎಂದು ನೋಡಿಕೊಂಡು ಪ್ಯಾನೆಲ್ ಮುಚ್ಚಬೇಕು.