ಮೀಟಿದ ಹಾಗೆ ಬಾಯಿ ತೆರೆಯುವ ಫಿಲ್ಟರ್: ಎನ್ವಲಪ್‌ಗೆ ಆಕಾರ ಕೊಡುವುದು ಹೇಗೆ?

ಬೇಸ್ ಗಿಟಾರಿನ ತಂತಿ ಮೀಟಿದರೆ ಸದ್ದಿನ ಏರಿಳಿತ (ಎನ್ವಲಪ್) ನೋಡಿಕೊಂಡು ‘ವ್ಯಾ...ವ್’ ಎನ್ನಬೇಕಾದ ಫಿಲ್ಟರ್ ಪೆಡಲ್ ‘ಟಪ್’ ಎಂದು ಬಾಯಿ ತೆರೆದು ಮುಚ್ಚಿಬಿಡುತ್ತದೆ. ಇಲ್ಲವೇ ಸ್ವರ ನಿಂತಷ್ಟು ಹೊತ್ತೂ ಗಂಟಲಲ್ಲಿ ನೀರು ಮುಕ್ಕಳಿಸಿದ ಹಾಗೆ ಗುಳುಗುಳು ಎನ್ನುತ್ತದೆ. ಆಗ ಹೆಚ್ಚಿನವರ ಕೈ ಹೋಗುವುದು ಕಟ್‌ಆಫ್ (ಫಿಲ್ಟರ್ ಸದ್ದನ್ನು ಕತ್ತರಿಸಲು ಶುರುಮಾಡುವ ಜಾಗ) ನಾಬಿಗೆ, ಆಮೇಲೆ ಆ ಜಾಗದ ಸದ್ದನ್ನು ಎತ್ತಿ ತೋರಿಸುವ ರೆಸೊನೆನ್ಸಿಗೆ. ಎರಡೂ ತಪ್ಪು ಜಾಗ. ಫಿಲ್ಟರ್ ಹೇಳಿದ ಮಾತು ಕೇಳುತ್ತಲೇ ಇದೆ. ಅದಕ್ಕೆ ಹೇಳುತ್ತಿರುವ ವೋಲ್ಟೇಜಿನ ಆಕಾರವೇ ಸರಿಯಿಲ್ಲ.

ಎನ್ವಲಪ್ ಫಿಲ್ಟರಿನೊಳಗೆ ಎರಡು ಕೆಲಸಗಾರರಿದ್ದಾರೆ. ಒಬ್ಬ ಫಿಲ್ಟರ್. ಇನ್ನೊಬ್ಬ ಎನ್ವಲಪ್ ಫಾಲೋವರ್: ತಂತಿಯ ಸದ್ದು ಎಷ್ಟು ಜೋರಾಗಿದೆ ಎಂದು ಅಳೆದು, ಅದಕ್ಕೆ ತಕ್ಕ ಡಿಸಿ ವೋಲ್ಟೇಜ್ ಕೊಡುವವನು. ಸದ್ದನ್ನು ಡಯೋಡ್‌ಗಳಿಂದ ಒಂದೇ ದಿಕ್ಕಿಗೆ ತಿರುಗಿಸಿ, ಕೆಪಾಸಿಟರಿನಲ್ಲಿ ತುಂಬಿ ನಯ ಮಾಡುವುದಷ್ಟೇ ಅವನ ಕೆಲಸ. 1972ರ ಮ್ಯೂಟ್ರಾನ್ 3 ಪೆಡಲಿನಲ್ಲಿ ಈ ವೋಲ್ಟೇಜ್ ಒಂದು ಬೆಳಕನ್ನು ಹೊತ್ತಿಸುತ್ತಿತ್ತು, ಎದುರಿಗಿದ್ದ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಫಿಲ್ಟರನ್ನು ತಿರುಗಿಸುತ್ತಿತ್ತು. ಬೆಳಕು ಬಿದ್ದರೆ ಎಲ್‌ಡಿಆರ್ ಬೇಗ ಎಚ್ಚರಾಗುತ್ತದೆ, ಬೆಳಕು ಆರಿದ ಮೇಲೆ ನಿಧಾನಕ್ಕೆ ಮಲಗುತ್ತದೆ. ಆ ಪೆಡಲಿನ ಇಂಪಿಗೆ ಒಂದು ಕಾರಣ ಈ ಸೋಮಾರಿತನವೇ.

ಈ ವೋಲ್ಟೇಜನ್ನು ಹೊರಗೆ ತೆಗೆದು, ತಿದ್ದಿ, ಮತ್ತೆ ಒಳಗೆ ಕೊಡಲು ಅವಕಾಶವಿರುವ ಪೆಡಲ್ ಬೇಕು. ಇಲ್ಲಿ ಉದಾಹರಣೆಗೆ ಹಿಡಿದಿರುವುದು ಸಿಂಥಸೈಜರ್ ತಯಾರಕ ಬಾಬ್ ಮೂಗ್ 1998ರಲ್ಲಿ ಹೊರತಂದ ಮೂಗರ್‌ಫೂಗರ್ ಎಂಎಫ್-101. ಅದರ ಬೆನ್ನಿಗೆ ಎನ್ವಲಪ್ ಔಟ್ ಇದೆ. ಅಮೌಂಟ್, ಕಟ್‌ಆಫ್, ರೆಸೊನೆನ್ಸ್, ಮಿಕ್ಸ್ ನಾಲ್ಕಕ್ಕೂ ವೋಲ್ಟೇಜ್ ಕೊಡುವ ಜಾಕ್ ಇದೆ. ಈಗ ತಯಾರಾಗುತ್ತಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಇಂಥ ಜಾಕ್‌ಗಳಿರುವ ಬೇರೆ ಪೆಡಲ್ ಆದರೂ ವಿಧಾನ ಇದೇ.

ಮೊದಲು ಮಟ್ಟ ಸರಿಮಾಡಿ

ಪೆಡಲನ್ನು ಗಿಟಾರಿನ ಪಕ್ಕಕ್ಕೇ, ಸರಪಳಿಯ ಮೊದಲಿಗೇ ಇಡಿ. ಕಂಪ್ರೆಸರ್ ಮುಂದಿದ್ದರೆ ಜೋರು ಮೀಟು, ಮೆತ್ತನೆ ಮೀಟು ಎರಡನ್ನೂ ಅದು ಒಂದೇ ಎತ್ತರಕ್ಕೆ ತಂದುಬಿಡುತ್ತದೆ. ಅಳೆಯಲು ಏರಿಳಿತವೇ ಇಲ್ಲದ ಮೇಲೆ ಫಾಲೋವರ್ ಪಾಪ ಏನು ಮಾಡೀತು?

ನೀವು ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಾಗಿ ಮೀಟಿ, ಲೆವೆಲ್ ದೀಪ ಕೆಂಪಾಗುವ ಅಂಚಿಗೆ ಬರುವಂತೆ ಡ್ರೈವ್ ಇಡಿ. ಎನ್ವಲಪ್ ಔಟ್‌ಗೆ ಒಂದು ಕೇಬಲ್ ಚುಚ್ಚಿ, ಇನ್ನೊಂದು ಕಡೆಯ ಪ್ಲಗ್ಗಿನ ತುದಿಗೂ ಬುಡದ ಲೋಹಕ್ಕೂ (ಸ್ಲೀವ್) ಮಲ್ಟಿಮೀಟರಿನ ಕಡ್ಡಿ ತಾಗಿಸಿ, 20 ವೋಲ್ಟ್ ಡಿಸಿಯಲ್ಲಿ ನೋಡಿ. ಜೋರು ಮೀಟಿಗೆ 4ರಿಂದ 5 ವೋಲ್ಟ್, ಮೆತ್ತನೆ ಮೀಟಿಗೆ ಅದರ ಕಾಲುಭಾಗದಷ್ಟು ಬಂದರೆ ಕೆಲಸಕ್ಕೆ ಸಾಕು. ಅಗ್ಗದ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ಒಂದೇ ಮೀಟಿನ ತುತ್ತತುದಿ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಅದೇ ಸ್ವರವನ್ನು ಬೇಗ ಬೇಗ ಮೀಟುತ್ತಾ ಓದಿ.

ಆಕಾರ ಕೊಡುವ ಡಬ್ಬಿ

ಪೆಡಲಿನಲ್ಲಿರುವ ‘ಸ್ಮೂತ್’, ‘ಫಾಸ್ಟ್’ ಎರಡೇ ಆಯ್ಕೆ. ನಮಗೆ ಬೇಕಾದದ್ದೆಲ್ಲ ಇರುವುದು ಅವೆರಡರ ಆಚೆಗೆ. ಏರುವ ವೇಗ, ಇಳಿಯುವ ವೇಗ, ಒಟ್ಟು ಪ್ರಮಾಣ, ಮೂರನ್ನೂ ಬೇರೆ ಬೇರೆಯಾಗಿ ತಿರುಗಿಸುವ ಡಬ್ಬಿಯನ್ನು ಒಂದು ಸಂಜೆಯಲ್ಲಿ ಕಟ್ಟಬಹುದು. ಬೇಕಾದ ಬಿಡಿಭಾಗಗಳು ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ: ಎಲ್‌ಎಂ358 ಐಸಿ ಒಂದು, 8 ಕಾಲಿನ ಸಾಕೆಟ್, 1ಎನ್4148 ಡಯೋಡ್ ಒಂದು, 2.2 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್, 0.1 ಮೈಕ್ರೊಫ್ಯಾರಡ್ ಸೆರಾಮಿಕ್, 1ಕೆ ರೆಸಿಸ್ಟರ್ ಎರಡು, 10ಕೆ ಎರಡು, 100ಕೆ ಒಂದು, ಪಾಟ್‌ಗಳು (ನಾಬಿನಿಂದ ತಿರುಗಿಸುವ ರೆಸಿಸ್ಟರ್; ಎ ಎಂದರೆ ಲಾಗ್, ಬಿ ಎಂದರೆ ಲೀನಿಯರ್) ಎ50ಕೆ, ಎ500ಕೆ, ಬಿ10ಕೆ ತಲಾ ಒಂದು, 9 ವೋಲ್ಟ್ ಬ್ಯಾಟರಿ ಕ್ಲಿಪ್, 6.35 ಮಿ.ಮೀ. ಜಾಕ್ ಎರಡು (ಒಳಬರುವ ಕಡೆಯದು ಸ್ಟೀರಿಯೊ). ಎ500ಕೆ ಎಂದರೆ ಗಿಟಾರಿನ ವಾಲ್ಯೂಮಿಗೆ ಹಾಕುವ ಪಾಟೇ. ಎ50ಕೆ ಸಿಗದಿದ್ದರೆ ಬಿ50ಕೆ ನಡೆಯುತ್ತದೆ, ನಾಬಿನ ಮೊದಲ ಕಾಲುಭಾಗದಲ್ಲಿ ಸ್ವಲ್ಪ ಇಕ್ಕಟ್ಟಾಗುತ್ತದೆ ಅಷ್ಟೆ.

ಜೋಡಣೆ ಹೀಗೆ. ಒಳಬರುವ ಜಾಕಿನಿಂದ 10ಕೆ ಮೂಲಕ ಐಸಿಯ 3ನೇ ಕಾಲಿಗೆ; ಅದೇ ಕಾಲಿನಿಂದ 100ಕೆ ಗ್ರೌಂಡಿಗೆ. 1ನೇ ಕಾಲಿನಿಂದ ಡಯೋಡ್, ಗೆರೆಯಿರುವ ತುದಿ ಆಚೆ ಕಡೆಗೆ. ಆ ಗೆರೆಯ ತುದಿಯನ್ನು ವಾಪಸ್ 2ನೇ ಕಾಲಿಗೆ ಸೇರಿಸಿ. ಈ ಒಂದು ತಂತಿಯಿಂದಾಗಿ ಡಯೋಡ್ ನುಂಗುವ 0.6 ವೋಲ್ಟನ್ನು ಐಸಿ ತಾನೇ ತುಂಬಿಕೊಡುತ್ತದೆ. ಇಲ್ಲದಿದ್ದರೆ ಮೆತ್ತನೆಯ ಮೀಟುಗಳೆಲ್ಲ ಕಾಣೆ. ಗೆರೆಯ ತುದಿಯಿಂದಲೇ 1ಕೆ, ಅದರ ಸಾಲಿನಲ್ಲಿ ಎ50ಕೆ, ಅಲ್ಲಿಂದ 5ನೇ ಕಾಲು. 5ನೇ ಕಾಲಿನಿಂದ ಗ್ರೌಂಡಿಗೆ 2.2 ಮೈಕ್ರೊಫ್ಯಾರಡ್, ಅದರ ಪಕ್ಕದಲ್ಲೇ 10ಕೆ ಮತ್ತು ಎ500ಕೆ ಸಾಲಾಗಿ. 6 ಮತ್ತು 7 ಒಂದಕ್ಕೊಂದು ಸೇರಲಿ. 7ರಿಂದ ಬಿ10ಕೆ ಪಾಟಿನ ಮೇಲ್ತುದಿಗೆ, ಕೆಳತುದಿ ಗ್ರೌಂಡಿಗೆ, ನಡುಗಾಲಿನಿಂದ 1ಕೆ ಮೂಲಕ ಹೊರಹೋಗುವ ಜಾಕಿನ ತುದಿಗೆ. 8ಕ್ಕೆ ಬ್ಯಾಟರಿ ಪ್ಲಸ್, 4ಕ್ಕೆ ಗ್ರೌಂಡ್, ಎರಡರ ನಡುವೆ 0.1. ಎರಡೂ ಜಾಕಿನ ಸ್ಲೀವ್ ಗ್ರೌಂಡಿಗೆ, ಬ್ಯಾಟರಿಯ ಮೈನಸ್ ಒಳಜಾಕಿನ ರಿಂಗಿಗೆ (ಸ್ಟೀರಿಯೊ ಜಾಕಿನ ನಡುವಿನ ಸಂಪರ್ಕ) ಹೋಗಲಿ. ಮೋನೊ ಪ್ಲಗ್ ಚುಚ್ಚಿದಾಗ ಮಾತ್ರ ಡಬ್ಬಿ ಎಚ್ಚರಾಗುತ್ತದೆ, ತೆಗೆದರೆ ಮಲಗುತ್ತದೆ.

ಎಲ್‌ಎಂ358 ಬದಲಿಗೆ ಮನೆಯಲ್ಲಿದ್ದ ಟಿಎಲ್072 ಹಾಕಿಬಿಡೋಣ ಎನಿಸುತ್ತದೆ, ಆಡಿಯೊಗೆ ಅದೇ ಒಳ್ಳೆಯದಲ್ಲವೇ ಎಂದು. ಇಲ್ಲಿ ಬೇಡ. ಒಂದೇ ಬ್ಯಾಟರಿಯಲ್ಲಿ ನಡೆಯುವ ಈ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಸೊನ್ನೆಗೆ ಇಳಿಯಬೇಕು. ಎಲ್‌ಎಂ358 ಗ್ರೌಂಡಿನವರೆಗೂ ಓದುತ್ತದೆ, ಗ್ರೌಂಡಿನ ಹತ್ತಿರದವರೆಗೂ ಇಳಿಯುತ್ತದೆ. ಟಿಎಲ್072ಗೆ ಅದಾಗದು, ಒಳಬರುವ ವೋಲ್ಟೇಜ್ ಸೊನ್ನೆಯ ಹತ್ತಿರ ಬಂದರೆ ಅದರ ಔಟ್‌ಪುಟ್ ಉಲ್ಟಾ ಹೊಡೆದು ಮೇಲಕ್ಕೆ ಹಾರುತ್ತದೆ. ನೀವು ಕೈ ಎತ್ತಿದ ಕ್ಷಣ ಫಿಲ್ಟರ್ ಪೂರ್ತಿ ತೆರೆದುಕೊಂಡರೆ ದೋಷ ಇದೇ.

ಜೋಡಿಸಿ, ಟ್ಯೂನ್ ಮಾಡಿ

ಎನ್ವಲಪ್ ಔಟ್‌ನಿಂದ ಡಬ್ಬಿಗೆ, ಡಬ್ಬಿಯಿಂದ ಕಟ್‌ಆಫ್ ಜಾಕಿಗೆ, ಎರಡೂ ಮೋನೊ ಕೇಬಲ್. ಪೆಡಲಿನ ಅಮೌಂಟ್ ಸೊನ್ನೆಗೆ ತನ್ನಿ. ಇದನ್ನು ಮರೆತರೆ ಒಳಗಿನ ಒರಟು ಎನ್ವಲಪ್ಪೂ ನಿಮ್ಮದೂ ಕೂಡಿಕೊಂಡು ಡಬ್ಬಿ ಏನೂ ಮಾಡುತ್ತಿಲ್ಲ ಎನಿಸುತ್ತದೆ. ಸ್ವಿಚ್ ‘ಫಾಸ್ಟ್’ನಲ್ಲಿರಲಿ, ನಯ ಮಾಡುವ ಕೆಲಸ ಈಗ ಡಬ್ಬಿಯದು.

ಕಟ್‌ಆಫ್ ಜಾಕಿಗೆ ಬಂದ ವೋಲ್ಟೇಜ್ ಕಟ್‌ಆಫ್ ನಾಬಿನ ಜೊತೆ ಕೂಡುತ್ತದೆ. ಆದ್ದರಿಂದ ನಾಬನ್ನು ತಂತಿ ಸುಮ್ಮನಿದ್ದಾಗ ಫಿಲ್ಟರ್ ಎಲ್ಲಿ ಮಲಗಿರಬೇಕೋ ಅಲ್ಲಿಡಿ, ಎಲ್ಲಿಯವರೆಗೆ ಏಳಬೇಕು ಎಂಬುದನ್ನು ಬಿ10ಕೆಯಿಂದ ನಿರ್ಧರಿಸಿ. ರೆಸೊನೆನ್ಸ್ ಸದ್ಯಕ್ಕೆ ಅರ್ಧಕ್ಕಿಂತ ಕೆಳಗೇ ಇರಲಿ.

ಈಗ ರಿಲೀಸ್, ಅಂದರೆ ವೋಲ್ಟೇಜ್ ಇಳಿಯಲು ಹಿಡಿಯುವ ಸಮಯ; ಅದರ ನಾಬ್ ಎ500ಕೆ. ಬೇಸಿನ ದಪ್ಪ ಇ ತಂತಿ 41.2 ಹರ್ಟ್ಜ್, ಒಂದು ಸುತ್ತಿಗೆ ಸುಮಾರು 24 ಮಿಲಿಸೆಕೆಂಡ್. ರಿಲೀಸ್ ಅದಕ್ಕಿಂತ ಚಿಕ್ಕದಾದರೆ ವೋಲ್ಟೇಜ್ ಸ್ವರದ ಒಟ್ಟು ಆಕಾರವನ್ನು ಬಿಟ್ಟು ಒಂದೊಂದು ಅಲೆಯನ್ನೂ ಹಿಂಬಾಲಿಸಲು ಹೊರಡುತ್ತದೆ. ಮೊದಲು ಹೇಳಿದ ಗುಳುಗುಳು ಹುಟ್ಟುವುದು ಇಲ್ಲೇ. ಸುತ್ತಿನ ಮೂರು ಪಟ್ಟು, ಅಂದರೆ ಬೇಸಿಗೆ 75, ಗಿಟಾರಿನ ದಪ್ಪ ತಂತಿಗೆ 36 ಮಿಲಿಸೆಕೆಂಡಿನಿಂದ ಶುರುಮಾಡಿ. ನಮ್ಮ ಡಬ್ಬಿಯಲ್ಲಿ ರಿಲೀಸ್ 22 ಮಿಲಿಸೆಕೆಂಡಿನಿಂದ 1.1 ಸೆಕೆಂಡಿನವರೆಗೆ ಹೋಗುತ್ತದೆ. ಸಣ್ಣ ಕಡೆಯಿಂದ ನಾಬ್ ಏರಿಸುತ್ತಾ ಗುಳುಗುಳು ನಿಂತ ಜಾಗದಲ್ಲಿ ನಿಲ್ಲಿಸಿ. ಅದಕ್ಕೂ ಮೇಲೆ ಹೋಗುವುದು ಹಾಡಿನ ವೇಗ ನೋಡಿಕೊಂಡು. ಚುರುಕು ಹಾಡಿನಲ್ಲಿ ರಿಲೀಸ್ ಉದ್ದವಾದರೆ ಮುಂದಿನ ಮೀಟಿನ ಹೊತ್ತಿಗೆ ಫಿಲ್ಟರ್ ಇನ್ನೂ ತೆರೆದೇ ಇರುತ್ತದೆ, ಎರಡನೆಯ ‘ವ್ಯಾವ್’ ಕೇಳಿಸುವುದೇ ಇಲ್ಲ.

ಅಟ್ಯಾಕ್, ಅಂದರೆ ಏರಲು ಹಿಡಿಯುವ ಸಮಯ (ನಾಬ್ ಎ50ಕೆ), 2.2ರಿಂದ 112 ಮಿಲಿಸೆಕೆಂಡ್. ಕನಿಷ್ಠದಲ್ಲಿ ಮೀಟಿನ ‘ಟಕ್’ ಮುಂದೆ ಬರುತ್ತದೆ. 30ರ ಆಸುಪಾಸಿನಲ್ಲಿ ಬಾಯಿ ತೆರೆಯುವ ಭಾವ ಬರುತ್ತದೆ. ಇಲ್ಲೊಂದು ತೊಡಕು. ಅಟ್ಯಾಕ್ ಪೂರ್ತಿ ಹೆಚ್ಚಿಸಿ ರಿಲೀಸ್ ಪೂರ್ತಿ ಇಳಿಸಿದರೆ ಎರಡು ಪಾಟ್ ಸೇರಿ ವೋಲ್ಟೇಜನ್ನು ಹಂಚಿಕೊಂಡುಬಿಡುತ್ತವೆ. 51ಕೆ ಮೇಲೆ, 10ಕೆ ಕೆಳಗೆ. 5 ವೋಲ್ಟ್ ಬಂದರೆ ಉಳಿಯುವುದು 0.8. ಫಿಲ್ಟರ್ ಸತ್ತೇಹೋಯಿತು ಎನಿಸಿದರೆ ಬೆಸುಗೆ ಬಿಚ್ಚುವ ಮೊದಲು ರಿಲೀಸ್ ಏರಿಸಿ ನೋಡಿ.

ಫಜ್ ಬೇಕೆನ್ನುವವರಿಗೆ

ಫಜ್ ಎಂದರೆ ಸದ್ದನ್ನು ಬೇಕೆಂದೇ ಒಡೆದು ಒರಟು ಮಾಡುವ ಪೆಡಲ್. ಫಜ್ ಆದ ಸದ್ದಿನಲ್ಲಿ ಮೇಲಿನ ಸ್ವರಾಂಶಗಳು ತುಂಬಿರುವುದರಿಂದ ಫಿಲ್ಟರ್ ಅದರ ಮೇಲೆ ಹರಿದಾಗ ಕೇಳಲು ರುಚಿ. ಆದರೆ ಫಜ್ಜೂ ಕಂಪ್ರೆಸರಿನಂತೆ ಏರಿಳಿತವನ್ನು ತಟ್ಟಿ ಚಪ್ಪಟೆ ಮಾಡುತ್ತದೆ. ಶುದ್ಧ ಸದ್ದನ್ನು ಅಳೆಯಬೇಕು, ಫಜ್ ಸದ್ದನ್ನು ಸೋಸಬೇಕು. ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಕ್ಯೂ-ಟ್ರಾನ್ ಪ್ಲಸ್ ಇದಕ್ಕೆಂದೇ ಒಂದು ಲೂಪ್ ಇಟ್ಟಿದೆ: ಫಜ್ಜನ್ನು ಅದರಲ್ಲಿ ಹಾಕಿದರೆ ಅಳತೆ ಫಜ್ಜಿಗಿಂತ ಮುಂಚೆಯೇ ನಡೆದಿರುತ್ತದೆ. ಎಂಎಫ್-101ರಲ್ಲಾದರೆ ಗಿಟಾರನ್ನು ಬಫರ್ ಇರುವ ಸ್ಪ್ಲಿಟರಿನಿಂದ ಎರಡು ದಾರಿ ಮಾಡಿ. ಒಂದು ದಾರಿ ಫಜ್ ಮೂಲಕ ಪೆಡಲಿಗೆ. ಇನ್ನೊಂದು ಬೇರೆ ಎನ್ವಲಪ್ ಫಾಲೋವರಿಗೆ, ಯೂರೊರ‍್ಯಾಕ್ (ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸಿದ ಸಿಂಥಸೈಜರ್) ಇರುವವರಿಗೆ ಡೋಪ್‌ಫರ್ ಎ-119 ಮಾಡ್ಯೂಲ್ ಸಾಕು. ಅಲ್ಲಿಂದ ನಮ್ಮ ಡಬ್ಬಿ, ಆಮೇಲೆ ಕಟ್‌ಆಫ್ ಜಾಕ್.

ಎ-119ರಿಂದ ಇನ್ನೊಂದು ಲಾಭವಿದೆ. ಸದ್ದು ಒಂದು ಮಿತಿ ದಾಟಿದ ಕೂಡಲೇ ಅದು ಗೇಟ್ (ಆನ್-ಆಫ್ ಸಂಕೇತ) ಕೂಡ ಕೊಡುತ್ತದೆ. ಆ ಗೇಟಿನಿಂದ ಎಡಿಎಸ್‌ಆರ್ (ಪ್ರತಿ ಸಲ ಒಂದೇ ಆಕಾರದ ವೋಲ್ಟೇಜ್ ಹುಟ್ಟಿಸುವ ಮಾಡ್ಯೂಲ್) ಹೊಡೆಸಿದರೆ ಎಷ್ಟು ಜೋರಾಗಿ ಮೀಟಿದರೂ ಫಿಲ್ಟರ್ ಪ್ರತಿ ಸಲ ಒಂದೇ ಆಕಾರದಲ್ಲಿ ತೆರೆಯುತ್ತದೆ. ಶಿಸ್ತಿನ ಬೇಸ್‌ಲೈನಿಗೆ ಇದು ಚೆಂದ, ಬೆರಳಿನ ಭಾವಕ್ಕೆ ಮಾತ್ರ ಕತ್ತರಿ. ಥ್ರೆಶ್‌ಹೋಲ್ಡ್ ತೀರ ಕೆಳಗಿದ್ದರೆ ಸ್ವರ ಆರುವಾಗ ಗೇಟ್ ಪಟಪಟ ಎಂದು ಹಲವು ಸಲ ಹೊಡೆದುಕೊಳ್ಳುತ್ತದೆ, ಸ್ವಲ್ಪ ಏರಿಸಿ. ಯೂರೊರ‍್ಯಾಕ್ ಎನ್ವಲಪ್‌ಗಳು 5 ವೋಲ್ಟ್ ದಾಟುವುದು ಸಾಮಾನ್ಯ. ಪೆಡಲಿಗೆ ಕೊಡುವ ಮೊದಲು ಅಟೆನ್ಯುಯೇಟರಿನಲ್ಲಿ ತಗ್ಗಿಸಿ. ಫಿಲ್ಟರ್ ಮೇಲಿನಿಂದ ಕೆಳಗೆ ಬೀಳಬೇಕೆಂದರೆ ಎ-183-2ರಂಥ ಪೋಲರೈಸರಿನಿಂದ ವೋಲ್ಟೇಜನ್ನು ತಲೆಕೆಳಗು ಮಾಡಿ ಕಟ್‌ಆಫ್ ನಾಬನ್ನು ಮೇಲಿಡಿ.

ಕೇಬಲ್, ಅಡಾಪ್ಟರ್

ಕಟ್‌ಆಫ್ ಜಾಕ್ ಸ್ಟೀರಿಯೊ. ಎಕ್ಸ್‌ಪ್ರೆಶನ್ ಪೆಡಲಿಗಾಗಿ (ಕಾಲಿನಿಂದ ನಾಬ್ ತಿರುಗಿಸುವ ಪೆಡಲ್) ಅದರ ರಿಂಗಿನಲ್ಲಿ ವೋಲ್ಟೇಜ್ ನಿಂತಿರುತ್ತದೆ. ಮೋನೊ ಪ್ಲಗ್ ಚುಚ್ಚಿದರೆ ಅದು ಗ್ರೌಂಡಿಗೆ ತಾಗುತ್ತದೆ. ಮೂಗರ್‌ಫೂಗರಿನಲ್ಲಿ ರಕ್ಷಣೆಗೆ ರೆಸಿಸ್ಟರ್ ಇದೆ, ಬೇರೆ ಕಂಪನಿಯ ಪೆಡಲಾದರೆ ಮ್ಯಾನ್ಯುಯಲ್ ನೋಡಿಯೇ ಚುಚ್ಚಿ. ಇನ್ನು ಅಡಾಪ್ಟರ್: ಸಾಮಾನ್ಯ ಗಿಟಾರ್ ಪೆಡಲ್‌ಗಳಿಗೆ ನಡುವಿನ ಪಿನ್ ಮೈನಸ್, ಮೂಗರ್‌ಫೂಗರಿಗೆ ನಡುವಿನ ಪಿನ್ ಪ್ಲಸ್. ಎರಡನ್ನೂ ಒಂದೇ ಸರದ ಅಡಾಪ್ಟರಿಗೆ ಸಿಕ್ಕಿಸಬೇಡಿ.