ಲಿವರ್ ಕಸಿಯ ನಂತರ ಸಕ್ಕರೆ, ಮೂಳೆ ಎರಡನ್ನೂ ಒಂದೇ ಹಾಳೆಯಲ್ಲಿ ನೋಡಿಕೊಂಡ ನನ್ನ ಅನುಭವ

ಲಿವರ್ ಕಸಿಯಾದವರ ಸಕ್ಕರೆಯನ್ನು ಒಬ್ಬರು, ಮೂಳೆಯನ್ನು ಇನ್ನೊಬ್ಬರು, ರಕ್ತದಲ್ಲಿನ ಟ್ಯಾಕ್ರೊಲಿಮಸ್ (ದೇಹ ಕಸಿಯನ್ನು ತಿರಸ್ಕರಿಸದಂತೆ ಕೊಡುವ ಔಷಧ) ಮಟ್ಟವನ್ನು ಮತ್ತೊಬ್ಬರು ನೋಡುವುದು ರೂಢಿ. ಮೂರನ್ನೂ ಪ್ರೆಡ್ನಿಸೊಲೋನ್ (ಸಕ್ಕರೆ ಏರಿಸುವ, ಮೂಳೆ ಸವೆಸುವ ಸ್ಟಿರಾಯ್ಡ್) ಇಳಿಸುವ ಪಟ್ಟಿಯ ಪಕ್ಕದಲ್ಲೇ ಒಂದು ಹಾಳೆಗೆ ತಂದಾಗ "ಇಷ್ಟರಿಂದ ಏನಾದೀತು" ಅಂದವರೇ ಹೆಚ್ಚು. ಈಗ ಅವರೇ ಆ ಹಾಳೆ ಕೇಳಿ ಪಡೆಯುತ್ತಾರೆ.

ಮೊದಲು ಎಡವಿದ್ದು ಖಾಲಿ ಹೊಟ್ಟೆಯ ಸಕ್ಕರೆಯನ್ನು ನಂಬಿ. ಬೆಳಿಗ್ಗೆ ಸ್ಟಿರಾಯ್ಡ್ ನುಂಗಿದವರ ಸಕ್ಕರೆ ಏರುವುದು ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ. ಮಾರನೆಯ ಬೆಳಗಿಗೆ 100ರ ಆಸುಪಾಸಿಗೆ ಇಳಿದು, ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಕೂಡ ಮೊದಲ ಮೂರು ತಿಂಗಳು ಕೈಕೊಡುತ್ತದೆ, ರಕ್ತ ಏರಿಸಿರುತ್ತಾರೆ, ರಕ್ತಹೀನತೆಯೂ ಇರುತ್ತದೆ. ಹೀಗಾಗಿ ಬೆರಳು ಚುಚ್ಚುವ ಹೊತ್ತನ್ನೇ ಬದಲಿಸಿದೆವು: ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ. ಮನೆಯವರ ಜೇಬು ಬರಿದಾಗಿಸುವುದು ಸ್ಟ್ರಿಪ್‌ಗಳೇ. ಸ್ಥಿತಿ ನೆಲೆಗೊಂಡ ಮೇಲೆ ದಿನಕ್ಕೆ ನಾಲ್ಕರ ಬದಲು ಎರಡು ಸಾಕಾಯಿತು. ತೋಳಿಗೆ ಅಂಟಿಸುವ ಸೆನ್ಸರನ್ನೂ ಕೆಲವರಲ್ಲಿ ಎರಡು ವಾರ ಹಾಕಿ ನೋಡಿದ್ದುಂಟು. ಅದೂ ಇದೇ ಏರಿಳಿತವನ್ನೇ ತೋರಿಸಿತು, ಖರ್ಚು ಮಾತ್ರ ಎಷ್ಟೋ ಪಟ್ಟು.

ಇನ್ಸುಲಿನ್‌ಗೆ ಬೆಳಗಿನ ಎನ್‌ಪಿಎಚ್ (ಮಧ್ಯಮ ಅವಧಿ ಕೆಲಸ ಮಾಡುವ ಇನ್ಸುಲಿನ್), ಪ್ರೆಡ್ನಿಸೊಲೋನ್ ಜೊತೆಯಲ್ಲೇ. ಪ್ರತಿ 10 ಮಿ.ಗ್ರಾಂ.ಗೆ ಕಿಲೋ ತೂಕಕ್ಕೆ 0.1 ಯೂನಿಟ್, ಮೇಲ್ಮಿತಿ 0.4. ಅಂದರೆ 60 ಕಿಲೋದವರು 20 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದರೆ 12 ಯೂನಿಟ್. ಪ್ರೆಡ್ನಿಸೊಲೋನ್ 15ಕ್ಕೆ ಇಳಿದ ದಿನವೇ ಇದು 9 ಆಗಬೇಕು. ಮುಂದಿನ ಭೇಟಿಗೆ ನೋಡೋಣ ಅಂದರೆ ಸಂಜೆಗೆ ಸಕ್ಕರೆ ಕುಸಿಯುತ್ತದೆ, ರೋಗಿ ಬೀಳುತ್ತಾರೆ, ಮೊದಲೇ ಸವೆದ ಮೂಳೆ ಮುರಿಯುತ್ತದೆ. ಸಕ್ಕರೆ ಮತ್ತು ಮೂಳೆಯ ನಂಟು ನಮಗೆ ಹೊಳೆದದ್ದು ಇಲ್ಲೇ. ಕಿಡ್ನಿ ದುರ್ಬಲವಾದವರಿಗೆ, ವಯಸ್ಸಾದವರಿಗೆ ಎಷ್ಟು ಕಡಿತ ಮಾಡುತ್ತೇವೆಂಬ ನಮ್ಮ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ರೋಗಿಯನ್ನು ನೋಡದೆ ಅದನ್ನು ನಕಲು ಮಾಡುವುದು ಅಪಾಯ.

ಪಯೋಗ್ಲಿಟಜೋನ್ ನಮ್ಮ ಹಾಳೆಯಲ್ಲಿ ಇಲ್ಲವೇ ಇಲ್ಲ. ಸಕ್ಕರೆ ಇಳಿಸುತ್ತದೆ ನಿಜ, ಮುರಿತದ ಅಪಾಯ ಹೆಚ್ಚಿಸುತ್ತದೆ, ನೀರೂ ತುಂಬಿಸುತ್ತದೆ. ಮೆಗ್ನೀಸಿಯಂಗೆ ಮಾತ್ರ ಒಂದು ಸಾಲು ಮೀಸಲು: ಟ್ಯಾಕ್ರೊಲಿಮಸ್ ಅದನ್ನು ಮೂತ್ರದಲ್ಲಿ ಕಳೆಯುತ್ತದೆ. ಮೆಗ್ನೀಸಿಯಂ ಮಾತ್ರೆ ಕೊಟ್ಟರೆ ಮೈಕೋಫೆನೊಲೇಟ್‌ನಿಂದ (ಕಸಿ ಕಾಪಾಡುವ ಇನ್ನೊಂದು ಔಷಧ) ಎರಡು ಗಂಟೆ ದೂರ ಇಡಿ, ಇಲ್ಲವಾದರೆ ಮೈಕೋಫೆನೊಲೇಟ್ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಮೂಳೆ ಅತಿ ವೇಗವಾಗಿ ಸವೆಯುವುದು ಮೊದಲ ಆರು ತಿಂಗಳಲ್ಲಿ. ವರ್ಷದ ಕೊನೆಗೆ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್) ಮಾಡಿಸಿದರೆ ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ. ಕಸಿಗೆ ಮೊದಲೇ ಮಾಡಿಸುತ್ತೇವೆ, ಆದರೆ ಹೊಟ್ಟೆಯಲ್ಲಿ ತುಂಬಾ ನೀರಿದ್ದಾಗ ಬಂದ ಸೊಂಟದ ಬೆನ್ನೆಲುಬಿನ ಅಂಕಿಯನ್ನು ನಂಬುವುದಿಲ್ಲ. ತೊಡೆಯೆಲುಬಿನ ಅಂಕಿ ನೋಡುತ್ತೇವೆ. ಬೆನ್ನೆಲುಬಿನ ಮುರಿತ ಎಷ್ಟೋ ಸಲ ನೋವನ್ನೇ ಕೊಡದು. ಆದ್ದರಿಂದ ಪಕ್ಕದಿಂದ ಒಂದು ಎಕ್ಸ್‌ರೇ, ಮತ್ತು ಪ್ರತಿ ಭೇಟಿಯಲ್ಲೂ ಗೋಡೆಗೆ ನಿಲ್ಲಿಸಿ ಎತ್ತರ. 2 ಸೆಂ.ಮೀ. ಕಡಿಮೆಯಾಗಿದ್ದರೆ ಮತ್ತೆ ಎಕ್ಸ್‌ರೇ. ಎತ್ತರ ಅಳೆಯುವುದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಆಸಿಡ್ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸರಿಯಾಗಿ ಹಿಡಿಯುವುದಿಲ್ಲ, ಸಿಟ್ರೇಟ್ ಕೊಡಿ. ಆಹಾರದ್ದೂ ಸೇರಿ ದಿನಕ್ಕೆ 1000ದಿಂದ 1200 ಮಿ.ಗ್ರಾಂ. ಸಾಕು. ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆ ಅಗ್ಗವೇನೋ ಹೌದು, ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಮಾತ್ರೆಗಳ ರಾಶಿಯಲ್ಲಿ ಬಹಳ ಮಂದಿ ಇದನ್ನೇ ಬಿಟ್ಟುಬಿಡುತ್ತಾರೆ. ಅದೇ ಕೆಲಸಕ್ಕೆ ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಒಮ್ಮೆಗೆ ದುಬಾರಿಯಾದರೂ ತಪ್ಪುವ ಪ್ರಶ್ನೆಯಿಲ್ಲ. ಅದಕ್ಕೆ ಮೊದಲು ರಕ್ತದಲ್ಲಿ ವಿಟಮಿನ್ ಡಿ 30 ನ್ಯಾನೊಗ್ರಾಂ/ಮಿ.ಲೀ. ದಾಟಿರಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಡೆಯುತ್ತದೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಶೋಧಿಸುತ್ತದೆಂಬ ಅಳತೆ) ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದರೆ ಈ ಡ್ರಿಪ್ ಬೇಡ. ಹಲ್ಲಿನ ಕೆಲಸ ಮೊದಲೇ ಮುಗಿಸಿ.

ಡ್ರಿಪ್ ಆದ ಒಂದೆರಡು ದಿನ ಜ್ವರ, ಮೈಕೈನೋವು ಬರುವುದುಂಟು. ಕಸಿಯಾದವರಿಗೆ ಜ್ವರವೆಂದರೆ ರಾತ್ರೋರಾತ್ರಿ ಸೋಂಕಿನ ತಪಾಸಣೆ ಶುರು. ಆದ್ದರಿಂದ ಡ್ರಿಪ್‌ನ ದಿನಾಂಕವನ್ನು ಹಾಳೆಯ ತಲೆಯಲ್ಲೇ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಮೂರು ದಿನ ದಾಟಿಯೂ ಜ್ವರವಿದ್ದರೆ, ಅಥವಾ ನಡುಕ ಬಂದರೆ, ಅದನ್ನು ಡ್ರಿಪ್‌ನ ತಲೆಗೆ ಕಟ್ಟದೆ ಆಗಲೇ ಕಲ್ಚರ್ (ಸೋಂಕಿನ ರೋಗಾಣು ಪತ್ತೆಹಚ್ಚುವ ಪರೀಕ್ಷೆ) ಕಳಿಸಿ.