ರೊಕ್ಕ ನಿಂತರೂ ಗುಳಿಗಿ ನಿಲ್ಲಬಾರದು: ಊರಿನ ಮಾನಸಿಕ ಆರೋಗ್ಯ ಶಿಬಿರ ಉಳಿಸಿಕೊಳ್ಳುವುದು ಹೇಗೆ?

ಸಾಮಾನ್ಯವಾಗಿ ಮಾರ್ಚ್‌ನಲ್ಲೇ ಬರುತ್ತದೆ ಆ ಇಮೇಲ್. 'ಮುಂದಿನ ವರ್ಷ ಅನುದಾನ ಮುಂದುವರಿಸಲು ಆಗುತ್ತಿಲ್ಲ.' ಹಾವೇರಿ ಜಿಲ್ಲೆಯ ನಮ್ಮ ಸಣ್ಣ ಟ್ರಸ್ಟಿಗೂ ಬಂತು. ತಿಂಗಳಿಗೆ ಎರಡು ಸಲ ಶಿಬಿರ ನಡೆಸುತ್ತಿದ್ದೆವು, ಲೆಕ್ಕ ಬರೆಯುವ ಕೆಲಸ ನನ್ನದು. ಮುಂದಿನ ಶಿಬಿರಕ್ಕೆ ಬಂದ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ಖಾಲಿ ಸ್ಟ್ರಿಪ್ ಟೇಬಲ್ ಮೇಲಿಟ್ಟು, "ಇದನ್ನ ಕೊಡ್ರಿ, ಬ್ಯಾರೆ ಬಣ್ಣದ್ದು ಕೊಟ್ರ ನಮ್ಮ ಹುಡುಗ ನುಂಗೂದಿಲ್ಲ" ಅಂದರು. ಅವರಿಗೆ ಅನುದಾನದ ಕಥೆ ಹೇಳಿ ಏನು ಪ್ರಯೋಜನ? ಅವತ್ತೇ ನಿರ್ಧರಿಸಿದೆವು, ಏನು ನಿಂತರೂ ಗುಳಿಗಿ ಮತ್ತು ಶಿಬಿರದ ದಿನ, ಈ ಎರಡು ತಪ್ಪಬಾರದು. ನೀವೂ ಇಂಥ ಶಿಬಿರ ನಡೆಸುತ್ತಿದ್ದರೆ ಮುಂದಿನದು ನಿಮಗಾಗಿ.

ಮೊದಲು ಖರ್ಚಿನ ಪುಸ್ತಕ ತೆಗೆಯಿರಿ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಇದು ಇಲ್ಲದಿದ್ದರೆ ಈ ತಿಂಗಳು ಯಾರ ಚಿಕಿತ್ಸೆ ನಿಲ್ಲುತ್ತದೆ? ಉತ್ತರ ಯಾರೂ ಇಲ್ಲ ಎಂದಾದರೆ ಆ ಸಾಲು ಹೊಡೆದುಹಾಕಿ. ನಮ್ಮ ಪುಸ್ತಕದಲ್ಲಿ ಬ್ಯಾನರ್, ನೆನಪಿನ ಕಾಣಿಕೆ, ಮುಖ್ಯ ಅತಿಥಿಗಳಿಗೆ ಏಲಕ್ಕಿ ಹಾರ ಎಲ್ಲಾ ಇದ್ದವು. ಹಾವೇರಿಯವರು ಏಲಕ್ಕಿ ಹಾರ ಬಿಡಬೇಕು ಅಂದರೆ ಕಷ್ಟವೇ, ಆದರೂ ಬಿಟ್ಟೆವು. ಉಳಿದದ್ದನ್ನು ಜನರ ಲೆಕ್ಕಕ್ಕೆ ಇಳಿಸಿ. ತಿಂಗಳಿಗೆ 24,000 ರೂಪಾಯಿ ಖರ್ಚು, 60 ಜನ ಅಂದುಕೊಳ್ಳಿ. ಒಬ್ಬರಿಗೆ 400, ವರ್ಷಕ್ಕೆ 4,800. ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಔಷಧ. ಇದನ್ನು ನಿಮ್ಮ ರೊಕ್ಕದಲ್ಲಿ ಕೊಳ್ಳುತ್ತಿದ್ದರೆ ಮೊದಲು ಸರ್ಕಾರಿ ದಾರಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಗುಳಿಗಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗಬೇಕು. ಇದು ಅವರ ಉಪಕಾರ ಅಲ್ಲ, ರೋಗಿಯ ಹಕ್ಕು. ದೇಶದಲ್ಲಿ 1996ರಿಂದ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ, ಹಾಗಾಗಿ ಈ ವ್ಯವಸ್ಥೆ ನಮಗೆ ಹೊಸದೇನಲ್ಲ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡು ನಿಮ್ಮ ಶಿಬಿರವನ್ನೂ ಅದೇ ದಿನಕ್ಕೆ ತನ್ನಿ. ಆಗ ವೈದ್ಯರ ಖರ್ಚು, ಗುಳಿಗಿ ಖರ್ಚು ಎರಡೂ ಇಳಿದು ನಿಮ್ಮ ಪಾಲಿಗೆ ಜನರನ್ನು ಕರೆತರುವುದು, ಬಾರದವರ ಮನೆಗೆ ಹೋಗುವುದು ಮಾತ್ರ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಆ ಕೆಲಸ ಬೇರೆ ಯಾರೂ ಮಾಡುವುದಿಲ್ಲ. ಒಂದು ಎಚ್ಚರ: ವಾರ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳಿ. ಇಲ್ಲ ಅಂದರೆ ಔಷಧದ ಹೆಸರು, ತಾರೀಖು ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಪಂಚಾಯತಿ ಬಾಗಿಲನ್ನೂ ಬಡಿಯಿರಿ. ಗ್ರಾಮ ಪಂಚಾಯತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ತೆಗೆದಿಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ, ಆದರೆ ಎಷ್ಟೋ ಪಿಡಿಒಗಳ ತಲೆಯಲ್ಲಿ ಅದಿನ್ನೂ ಗಾಲಿಕುರ್ಚಿಗೆ ಮಾತ್ರ ಸೀಮಿತ. ಪಂಚಾಯತಿಯಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಪಿಂಚಣಿಗೂ ಬಸ್ ಪಾಸಿಗೂ ಅದೇ ಆಧಾರ. ಬಸ್ ಖರ್ಚು ಉಳಿದರೆ ಜನ ಶಿಬಿರ ತಪ್ಪಿಸುವುದೂ ಕಡಿಮೆಯಾಗುತ್ತದೆ.

ಇನ್ನು ಊರಿನ ದೇಣಿಗೆ. ಇದಕ್ಕೆ ಕಾಲ ನೋಡಬೇಕು. ಆಷಾಢದಲ್ಲಿ ರೈತನ ಮನೆಗೆ ರಶೀದಿ ಪುಸ್ತಕ ಹಿಡಿದು ಹೋದರೆ ಚಹಾ ಸಿಗುತ್ತದೆ, ರೊಕ್ಕ ಸಿಗುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಸೋಮವಾರ, ಗುರುವಾರ ಮಾತ್ರ ಬೇಡ, ಅವು ಮಾರಾಟದ ದಿನ, ದಲಾಲರಿಗೆ ತಲೆ ಎತ್ತಲು ಪುರಸೊತ್ತು ಇರುವುದಿಲ್ಲ. ಮಾರನೇ ದಿನ ಹೋಗಿ. 'ಏನಾದರೂ ಸಹಾಯ ಮಾಡಿ' ಅನ್ನಬೇಡಿ. 'ಒಬ್ಬರ ಒಂದು ವರ್ಷ, 4,800' ಅನ್ನಿ. ಅಂಕಿ ಕೇಳಿದರೆ ವ್ಯಾಪಾರಸ್ಥರು ಬೇಗ ಉತ್ತರ ಕೊಡುತ್ತಾರೆ. ನಿಮ್ಮ ಟ್ರಸ್ಟಿಗೆ 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ ಇದ್ದರೆ ಹೇಳಿ, ಆದರೆ 2,000 ದಾಟಿದ ನಗದಿಗೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ. ಸುಮ್ನೆ ಆಸೆ ಹುಟ್ಟಿಸಬೇಡಿ.

ಕೊಟ್ಟವರು ಫೋಟೋ ಕೇಳುತ್ತಾರೆ. ನಮ್ಮ ಹತ್ತಿರವೂ ಒಬ್ಬರು, ಗುಳಿಗಿ ಕೊಡುವ ಹೊತ್ತಿಗೆ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಪೇಪರಿಗೆ ಹಾಕಿಸಬೇಕು ಅಂದರು. ಆಗಲ್ಲ ಅಂದೆವು. ಒಪ್ಪಿಗೆ ಇಲ್ಲದೆ ರೋಗಿಯ ಫೋಟೋ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಧಾರವಾಡದ ಮಾನಸಿಕ ಆಸ್ಪತ್ರೆ ನೆನೆದು 'ಇವನನ್ನ ಧಾರವಾಡಕ್ಕೆ ಕಳಿಸ್ರಿ' ಎಂದು ಇವತ್ತಿಗೂ ನಗುವ ಊರುಗಳಲ್ಲಿ ಆ ಒಂದು ಫೋಟೋದಿಂದ ಒಂದು ಮದುವೆ ಮುರಿದು ಬೀಳಬಹುದು. ಔಷಧದ ಬಿಲ್ಲು, ಎಷ್ಟು ಜನ ಬಂದರು ಎಂಬ ಲೆಕ್ಕ, ಇವೆರಡನ್ನು ಕಳಿಸಿ. ಸಾಕು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ) ಬೇಕಾದರೆ ಅದಕ್ಕೆ ಬೇಕಾದ ಸಿಎಸ್‌ಆರ್-1 ನೋಂದಣಿ ಮಾಡಿಸಿಟ್ಟುಕೊಳ್ಳಿ. ಸಿಕ್ಕರೆ ಒಳ್ಳೆಯದೇ. ಆದರೆ ಅದು ಯೋಜನೆಗೆ ಬರುವ ರೊಕ್ಕ, ಯೋಜನೆ ಮುಗಿದರೆ ಅದೂ ಮುಗಿಯಿತು. ಸಂಬಳವನ್ನು ಪೂರ್ತಿ ಅದರ ಮೇಲೆ ಹಾಕಬೇಡಿ.

ಸಂಬಳದ ವಿಷಯದಲ್ಲಿ ನಾವು ತಪ್ಪು ಮಾಡಿದೆವು. ಅನುದಾನ ನಿಂತ ಸುದ್ದಿಯನ್ನು ಕೌನ್ಸೆಲರ್‌ಗೆ ಹೇಳದೆ ಎರಡು ತಿಂಗಳು 'ನಾಳೆ, ನಾಡಿದ್ದು' ಅಂದೆವು. ಅವರು ಬಿಟ್ಟು ಹೋದರು. ಹೋದಾಗಲೇ ಗೊತ್ತಾಗಿದ್ದು, ಯಾರ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಬೇಕು, ಯಾರಿಗೆ ಫೋನ್ ಮಾಡಿದರೆ ಗಂಡನೇ ಎತ್ತುತ್ತಾನೆ, ಯಾರು ಗುಳಿಗಿ ತೆಗೆದುಕೊಂಡು ಹೋಗಿ ಮಾಡಿನಲ್ಲಿ ಬಚ್ಚಿಡುತ್ತಾರೆ, ಇದೆಲ್ಲಾ ಇದ್ದದ್ದು ಅವರ ತಲೆಯಲ್ಲಿ ಮಾತ್ರ, ನಮ್ಮ ರಿಜಿಸ್ಟರ್‌ನಲ್ಲಿ ಬರೀ ಹೆಸರು ಮತ್ತು ಸಹಿ. ಹಾಗಾಗಿ ಮೊದಲ ದಿನವೇ ಹೇಳಿಬಿಡಿ. ಸಂಬಳ ತಡ ಮಾಡುವ ಬದಲು ಅವರನ್ನು ಕೇಳಿ ಕೆಲಸದ ದಿನ ಕಡಿಮೆ ಮಾಡಿ.

ಇಷ್ಟಾದರೂ ಆಗಲೇ ಇಲ್ಲ, ಮುಚ್ಚಲೇಬೇಕು ಅಂದರೆ ಬೀಗ ಹಾಕುವ ಮುಂಚೆ ಮೂರು ತಿಂಗಳು ಇಟ್ಟುಕೊಳ್ಳಿ. ಗುಳಿಗಿ ದಿಢೀರ್ ನಿಂತರೆ ಕಾಯಿಲೆ ತಿರುಗಿ ಬರಬಹುದು, ಫಿಟ್ಸ್ ಗುಳಿಗಿ ನಿಂತರಂತೂ ಜೀವಕ್ಕೇ ಅಪಾಯ. ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡಿ: ಔಷಧದ ಹೆಸರು, ಪ್ರಮಾಣ, ಇನ್ನು ಮುಂದೆ ಹೋಗಬೇಕಾದ ಆಸ್ಪತ್ರೆ, ದಿನ. ಕೆಳಗೆ ದೊಡ್ಡದಾಗಿ 14416. ಇದು ಟೆಲಿ ಮನಸ್, ಹಗಲು ರಾತ್ರಿ ಪುಕ್ಕಟೆ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಹೊಸ ಆಸ್ಪತ್ರೆಗೆ ಹೋಗುವಾಗ ನಿಮ್ಮವರೊಬ್ಬರು ಜೊತೆಗೆ ಹೋಗಿ ಚೀಟಿ ಮಾಡಿಸಿಕೊಡಲಿ. ಖಾಲಿ ಸ್ಟ್ರಿಪ್ ತರುವುದನ್ನೂ ನೆನಪಿಸಿ.